ಹಳದಿ ಬಿದ್ದ ಹೆಸರು

ರಾಚಮ್ಮ ಹಾಲಿನ ಕ್ಯಾನನ್ನು ತಂದು ಕೀಬೋರ್ಡಿನ ಪಕ್ಕಕ್ಕೆ ಕುಕ್ಕಿದಳು. ಮುಚ್ಚಳ ಸಡಿಲಾಗಿ ಒಂದಿಷ್ಟು ಹಾಲು ಮೇಜಿನ ಮೇಲೆ ಚೆಲ್ಲಿತು. ಬಸ್ಸಿನ ಬಿಸಿಲಿಗೆ ಅದಾಗಲೇ ಒಡೆದು ಹುಳಿ ವಾಸನೆ ಬರುತ್ತಿತ್ತು. ಶಿವರಂಜಿನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಕುಡಿ" ಅಂದಳು ರಾಚಮ್ಮ. "ನಿಮ್ಮಾವ ಕರ್ದ ಆಲು. ಡೇರಿಯೋರ್ಗೆ ಬ್ಯಾಡ್ವಂತ. ನೀನಾರ ಕುಡಿ."

"ಏನಾಯ್ತತ್ತೆ? ಕೂತ್ಕೊ ಮೊದ್ಲು."

"ಕೂತ್ಕಳಕ್ ಬಂದಿಲ್ಲ ಕಣಮ್ಮಿ ನಾನು. ನಿಮ್ಮಾವನ ಎಸ್ರಿಗ ಅಳದಿ ಬಳ್ದೋರು ಯಾರು ಅಂತ ಕೇಳ್ಕಂಡ್ ಓಗಕ್ ಬಂದಿವ್ನಿ. ನಿಮ್ಮ ಆಪೀಸಿಂದ್ಲೇ ಬಂದದಂತಲ್ಲ."

ಚಾಮರಾಜನಗರದ ಭುವನೇಶ್ವರಿ ವೃತ್ತದ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿನ ಆ ಎರಡು ಕೋಣೆಗಳೇ 'ಗಡಿಯಂಚು' ಸುದ್ದಿ ಜಾಲತಾಣದ ಆಫೀಸು. ಅದರ ಪುಟಗಳನ್ನು ಕಟ್ಟುವವಳು, ಕೆಟ್ಟರೆ ರಿಪೇರಿ ಮಾಡುವವಳು ಶಿವರಂಜಿನಿ. ಊರು ಉಡಿಗಾಲ. ಅಪ್ಪ ಇಲ್ಲದ ಹುಡುಗಿ. ತಾಯಿಯ ಅಣ್ಣ, ರಾಚಮ್ಮನ ಗಂಡ, ಕಾರೆದೊಡ್ಡಿಯ ಬೆಟ್ಟಯ್ಯನೇ ಅವಳನ್ನು ಓದಿಸಿದವನು. ಆಫೀಸಿನವರೆಲ್ಲ ನೋಡುತ್ತಿದ್ದಾರೆಂಬ ಸಂಕೋಚದಲ್ಲಿ ಅವಳು ಅತ್ತೆಯ ಕೈ ಹಿಡಿಯಲು ಹೋದಳು. ರಾಚಮ್ಮ ಕೈ ಕೊಡವಿಕೊಂಡು, ಸೊಂಟದ ಚೀಲದಿಂದ ಫೋನು ತೆಗೆದು ಅವಳ ಮುಖಕ್ಕೆ ಹಿಡಿದಳು.

ಅದು ಹೋದ ವಾರದ ಸುದ್ದಿ. ಪುಣಜನೂರಿನ ಹಾದಿಯ ಕಾರೆದೊಡ್ಡಿಯಲ್ಲಿ ಬೇಲಿಯ ತಂತಿಗೆ ಕೊಟ್ಟಿದ್ದ ಕರೆಂಟು ತಗುಲಿ ಆನೆಯೊಂದು ಸತ್ತಿತ್ತು. ತಂತಿ ಎಳೆದವನು ಶಿವಣ್ಣ, ಅವನ ಮೇಲೆ ಕೇಸಾಗಿತ್ತು. ಪಕ್ಕದ ಜಮೀನಿನ ಬೆಟ್ಟಯ್ಯ ಬೆಳಗಾಗುತ್ತಲೇ ಆನೆ ಬಿದ್ದಿರುವುದನ್ನು ಕಂಡು ಅರಣ್ಯದವರಿಗೆ ತಿಳಿಸಿದ್ದ, ಕರೆಂಟು ಕೊಡಬೇಡವೆಂದು ತಾನು ಮೊದಲೇ ಹೇಳಿದ್ದೆ ಎಂದಿದ್ದ. ಅಷ್ಟೇ ಸುದ್ದಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ರಾಚಮ್ಮನ ಫೋನಿನಲ್ಲಿ ಬೆಟ್ಟಯ್ಯ ಎಂಬ ಹೆಸರು ಬಂದಲ್ಲೆಲ್ಲ ಕಣ್ಣು ಕುಕ್ಕುವ ಹಳದಿ. ಶಿವಣ್ಣನ ಹೆಸರು ಮಾತ್ರ ಉಳಿದ ಅಕ್ಷರಗಳ ನಡುವೆ ಕಪ್ಪಗೆ, ಸಾಧುವಾಗಿ ಕೂತಿತ್ತು.

"ಮದ್ವ ಗಂಡಿಗ ಅರಿಶ್ನ ಬಳ್ದಂಗ್ ಬಳ್ದವ್ರಲ್ಲವ್ವ" ಅಂದಳು ರಾಚಮ್ಮ. "ಕರೆಂಟ್ ಕೊಟ್ಟೋನು ಇವ್ನೇಯ, ಶಿವಣ್ಣನ ತಲ್ಗ ಕಟ್ಟವ್ನ, ಪೇಪರ್ನೋರೇ ಪತ್ತ ಅಚ್ಚಿ ಗುರ್ತು ಆಕವ್ರ ಅಂತ ಊರೆಲ್ಲ ಆಡ್ತಾವ್ರ."

ಆ ಹಳದಿ ಯಾರು ಬಳಿದದ್ದೆಂದು ಶಿವರಂಜಿನಿಗೆ ಗೊತ್ತಿತ್ತು. ಅವಳೇ.

ಮಾಲೀಕ ಮಲ್ಲಿಕಾರ್ಜುನಸ್ವಾಮಿಗೆ ತನ್ನ ಹೆಸರನ್ನು ತಾನೇ ಹುಡುಕಿ ನೋಡುವ ಚಟ. ಸಿಕ್ಕ ಪುಟದಲ್ಲಿ ಹೆಸರು ಎಲ್ಲಿದೆಯೆಂದು ಕಣ್ಣಾಡಿಸುವ ತಾಳ್ಮೆ ಮಾತ್ರ ಇಲ್ಲ. "ಹುಡುಕಿದ ಪದ ಥಟ್ ಅಂತ ಹೊಳೀಬೇಕಮ್ಮ" ಅಂದಿದ್ದ. ಓದುವವರು ಬರೆದ ಪದವನ್ನು ಒಂದು ಮಾದರಿಯಾಗಿ ಕಟ್ಟಿ, ಆ ಮಾದರಿಗೆ ಹೊಂದುವ ಅಕ್ಷರಗಳು ಪುಟದಲ್ಲಿ ಕಂಡಲ್ಲೆಲ್ಲ ಹಳದಿ ಬರುವ ಹಾಗೆ ಅವಳು ಬರೆದಳು. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಅದರ ಹೆಸರು, ನೋಡಲು ಒಂದೇ ಸಾಲು. ಮೊದಲ ಸಲ ಆ ಸಾಲು ಚಿತ್ರಗಳ ವಿಳಾಸದೊಳಕ್ಕೂ ನುಗ್ಗಿ ಬಣ್ಣ ಬಳಿಯಲು ಹೋಗಿ, ಸ್ವಾಮಿಯ ಫೋಟೋವೇ ಮಾಯವಾಗಿ ಆಫೀಸಿನವರೆಲ್ಲ ಬಾಯಿಗೆ ಕರ್ಚೀಫು ಹಿಡಿದಿದ್ದರು. ಕಣ್ಣಿಗೆ ಕಾಣುವ ಬರಹವನ್ನು ಮಾತ್ರ ಮುಟ್ಟುವಂತೆ ತಿದ್ದಿ, ಅದು ಸರಿಹೋದ ದಿನ ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

ಸ್ವಾಮಿಯ ಆಸೆ ಅಲ್ಲಿಗೇ ನಿಲ್ಲಲಿಲ್ಲ. ಊರಿನ ಮುಖಂಡರಿಗೆ ಸುದ್ದಿ ಕಳಿಸಿದರೆ ಅವರ ಫೋನಿನಲ್ಲೂ ಅವರ ಹೆಸರು ಹೊಳೆಯಬೇಕು, ಅವರು ಖುಷಿಯಾಗಬೇಕು, ಜಾಹೀರಾತು ಕೊಡಬೇಕು. ಹಾಗಾಗಿ ಹುಡುಕಿದ ಪದ ಪುಟದ ಲಿಂಕಿನ ಬಾಲಕ್ಕೆ ಅಂಟಿಕೊಂಡೇ ಹೋಗುವಂತೆಯೂ ಅವಳು ಮಾಡಿಕೊಟ್ಟಳು. ಈಗ ಶಿವಣ್ಣನ ತಮ್ಮ ದೇವರಾಜು ಅಣ್ಣನ ಮೇಲೆ ಬೆಟ್ಟಯ್ಯ ಏನು ಹೇಳಿದ್ದಾನೆಂದು ಅವನ ಹೆಸರು ಬರೆದು ಹುಡುಕಿದ್ದ, ಸಿಕ್ಕಿದ್ದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಬೇಕೆಂದು ಮಾಡಿದನೋ, ಬೆಪ್ಪನಂತೆ ಮಾಡಿದನೋ, ಅವನ ಮನೆದೇವರಿಗೇ ಗೊತ್ತು. ತೆರೆದವರ ಫೋನಿನಲ್ಲೆಲ್ಲ ಬೆಟ್ಟಯ್ಯ ಹಳದಿಯಾದ.

ಬೇರೆ ಊರಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಕಾರೆದೊಡ್ಡಿಯ ಹಾಲಿನ ಡೇರಿಯಲ್ಲಿ ಒಂದು ಕರಿಹಲಗೆ ಇದೆ. ಹಾಲು ಹಾಕುವ ಮನೆಗಳ ಹೆಸರೆಲ್ಲ ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದೆ. ಯಾರ ಹಾಲಿನಲ್ಲಾದರೂ ನೀರು ಸಿಕ್ಕಿದರೆ ಸೆಕ್ರೆಟರಿ ಶಾಂತಮಲ್ಲಪ್ಪ ಕೂಗಾಡುವುದಿಲ್ಲ. ಹಳದಿ ಸೀಮೆಸುಣ್ಣ ತೆಗೆದುಕೊಂಡು ಆ ಹೆಸರಿನ ಮೇಲೆ ಬಳಿದುಬಿಡುತ್ತಾನೆ. ಒಂದು ವಾರ ಆ ಮನೆಯ ಹಾಲು ತೆಗೆದುಕೊಳ್ಳುವುದಿಲ್ಲ. ಹಳದಿ ಬಿದ್ದವರು ತಲೆ ಬಗ್ಗಿಸಿಕೊಂಡು ಓಡಾಡಬೇಕು. ಹೆಣ್ಣು ಕೇಳಲು ಬಂದ ನೆಂಟರು ಕೂಡ ಮನೆ ಹೊಗುವ ಮುಂಚೆ ಡೇರಿಯ ಕಡೆ ಒಂದು ಸುತ್ತು ಹಾಕಿ ಹಲಗೆ ನೋಡಿಕೊಂಡು ಬರುತ್ತಾರೆ. ಆ ಊರಿನ ಕಣ್ಣಿಗೆ ಹಳದಿ ಬಿದ್ದ ಹೆಸರೆಂದರೆ ಸಿಕ್ಕಿಬಿದ್ದ ಕಳ್ಳನ ಹೆಸರು. ಅದನ್ನು ಯಾರೂ ಅವರಿಗೆ ಓದಿ ಹೇಳಬೇಕಾಗಿಲ್ಲ.

ಡೇರಿ ಶುರುವಾದಾಗಿನಿಂದ ಆ ಹಳದಿ ಒಮ್ಮೆಯೂ ಬೀಳದ ಹೆಸರು ಬೆಟ್ಟಯ್ಯನದು. ಕ್ಯಾನು ತೊಳೆದು, ಬಿಸಿಲಿಗೆ ಬೋರಲು ಹಾಕಿ, ಅದೂ ಸಾಲದೆಂದು ಒಳಗೆ ಒಣಬಟ್ಟೆ ಆಡಿಸಿ ಹಾಲು ಕರೆಯಲು ಕೂರುವ ಮನುಷ್ಯ. ಆ ಹಾಲಿನಲ್ಲೇ ಶಿವರಂಜಿನಿಯ ಊಟ, ಬಟ್ಟೆ, ಓದು ಎಲ್ಲ ನಡೆದಿತ್ತು.

"ಶಾಂತಮಲ್ಲಪ್ಪ ಏನಂದ?" ಎಂದು ಕೇಳಿದಳು.

"ಪೇಪರ್ನಲ್ಲೇ ಅಳದಿ ಬಿದ್ಮೇಲ ನಾ ಎಂಗ ತಗಳ್ಳಿ, ರೂಲ್ಸು ರೂಲ್ಸೇ ಅಂದ. ನಮ್ಮ ಎಸ್ರಿಗ ಬೋರ್ಡ್ ಮ್ಯಾಲೂ ಬಳ್ದುಬುಟ್ಟ ಕಣವ್ವ. ನಿಮ್ಮಾವ ಒಂದ್ ಮಾತಾಡ್ನಿಲ್ಲ. ಕ್ಯಾನ್ ಎತ್ಕಂಡ್ ಬಂದು ಜಗ್ಲಿ ಮ್ಯಾಲ ಕೂತವ್ನ, ಕೂತವ್ನ, ಕೂತೇ ಅವ್ನ."

ಶಿವರಂಜಿನಿ ಸ್ವಾಮಿಗೆ ಫೋನು ಮಾಡಿದಳು. ಅವನು ಗುಂಡ್ಲುಪೇಟೆಯಲ್ಲಿದ್ದ, ಊಟಿ ರಸ್ತೆಯಲ್ಲಿ ಹೊಸ ಹೋಟೆಲೊಂದರ ಪ್ರಾರಂಭೋತ್ಸವಕ್ಕೆ ಹೋಗಿದ್ದ. ಹಿಂದೆ ನಾದಸ್ವರ ಕೇಳುತ್ತಿತ್ತು.

"ಸಾರ್, ಹುಡುಕಿದ ಪದಕ್ಕೆ ಬಣ್ಣ ಬರೋದನ್ನ ಲಿಂಕಿಂದ ತೆಗೀಬೇಕು. ಈಗಲೇ."

"ಯಾವುದು, ಆನೆ ಸುದ್ದೀದಾ? ಮುಟ್ಟಬೇಡಮ್ಮ! ನಮ್ಮ ಸೈಟಲ್ಲಿ ಇಷ್ಟು ಜನ ಯಾವತ್ತು ಬಂದಿದ್ರು? ಎಲ್ಲಾ ಆ ಲಿಂಕಿಂದಾನೇ ಬರ್ತಿದ್ದಾರೆ."

"ಒಬ್ಬ ಮನುಷ್ಯನ ಮರ್ಯಾದೆ ಹೋಗ್ತಿದೆ ಸಾರ್."

"ಸುದ್ದೀಲಿ ಅವನ ಮೇಲೆ ಒಂದಕ್ಷರ ತಪ್ಪು ಬರೆದಿದ್ದೀವಾ? ಇಲ್ಲ. ಜನಕ್ಕೆ ಓದೋ ತಾಳ್ಮೆ ಇಲ್ಲದಿದ್ರೆ ನಾನೇನ್ ಮಾಡ್ಲಿ? ಬೇಕಾದ್ರೆ ಸ್ಪಷ್ಟನೆ ಹಾಕೋಣ. ಫೋಟೋ ಕಳಿಸೋಕೆ ಹೇಳು, ಹಸು ಜೊತೆ ನಿಂತಿರೋದು. ಅದೂ ಚೆನ್ನಾಗಿ ಓಡುತ್ತೆ."

ಅವಳು ಫೋನು ಇಟ್ಟಳು. ಹಸುವಿನ ಜೊತೆ ನಿಂತಿರುವುದು! ಮನುಷ್ಯನೊಬ್ಬ ಜಗುಲಿಯ ಮೇಲೆ ಕಲ್ಲಾಗಿ ಕೂತಿದ್ದರೆ ಇವನಿಗೆ ಅವನ ಫೋಟೋ ಬೇಕು. ಅವಳು ಕಂಪ್ಯೂಟರಿನ ಮುಂದೆ ಕೂತು ತಾನು ಬರೆದ ಆ ಸಾಲನ್ನು ತೆರೆದಳು. ಸ್ವಾಮಿಯ ಅಪ್ಪಣೆ ಯಾರಿಗೆ ಬೇಕು? ಒಂದು ಗುಂಡಿ ಒತ್ತಿದರೆ ಹಳದಿಯೆಲ್ಲ ಹೋಗುತ್ತದೆ.

ಒತ್ತಲು ಹೋದ ಬೆರಳು ನಿಂತಿತು. ಅಳಿಸಿದರೆ ಏನಾಗುತ್ತದೆ? ನಿನ್ನೆ ಇದ್ದ ಹಳದಿ ಇವತ್ತಿಲ್ಲ, ತಂಗಿ ಮಗಳು ಅಲ್ಲೇ ಕೆಲಸಕ್ಕಿದ್ದಾಳಲ್ಲ, ಅಳಿಸಿ ಮುಚ್ಚಿಹಾಕಿದಳು ಎಂದು ಊರು ಇನ್ನೊಂದು ಕಥೆ ಕಟ್ಟುತ್ತದೆ. ಮಾವನ ಹಣೆಗೆ ಆ ಬಣ್ಣ ಖಾಯಂ ಆಗುತ್ತದೆ. ಇಲ್ಲ, ಅಳಿಸಬಾರದು. ತೋರಿಸಬೇಕು. ಯಾರ ಹೆಸರು ಹುಡುಕಿದರೂ ಹಳದಿಯಾಗುತ್ತದೆಂದು ಅವರ ಕಣ್ಣೆದುರೇ ತೋರಿಸಬೇಕು. ಕಣ್ಣಾರೆ ಕಂಡ ಮೇಲೆ ಒಪ್ಪದೆ ಏನು ಮಾಡುತ್ತಾರೆ?

"ನಡಿಯತ್ತೆ" ಅಂದಳು, ಚೀಲ ಹೆಗಲಿಗೆ ಹಾಕಿಕೊಂಡು. "ಸಂಜೆ ಹಾಲಿನ ಹೊತ್ತಿಗೆ ನಿಮ್ಮೂರಲ್ಲಿರಬೇಕು."

ಸತ್ಯಮಂಗಲದ ಕಡೆಯ ಬಸ್ಸಿನಲ್ಲಿ ಕಂಡಕ್ಟರು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಎಲ್ಲರನ್ನೂ ಒಳಕ್ಕೆ ನೂಕುತ್ತಿದ್ದ. ರಾಚಮ್ಮ ಒಡೆದ ಹಾಲಿನ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಚೆಲ್ಲಿಬಿಡು ಎಂದರೆ ಕೇಳಲಿಲ್ಲ. "ನಿಮ್ಮಾವ ಕರ್ದದ್ದು" ಅಂದಳು ಮತ್ತೆ. ಶಿವರಂಜಿನಿ ಹಾದಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಜೋಡಿಸಿಕೊಂಡಷ್ಟೂ ಸಿಟ್ಟು ಬೇಯುತ್ತಿತ್ತು. ಸ್ವಾಮಿಯ ಮೇಲೆ, ದೇವರಾಜುವಿನ ಮೇಲೆ, ಇಡೀ ಸುದ್ದಿಯನ್ನು ಬಿಟ್ಟು ಬಣ್ಣ ಬಿದ್ದಷ್ಟನ್ನೇ ಓದಿದ ಊರಿನ ಮೇಲೆ. ತನ್ನ ಮೇಲೂ ಇತ್ತು, ಅದು ಎಲ್ಲಕ್ಕಿಂತ ಕೆಳಗೆ, ತಳ ಹಿಡಿದಿತ್ತು.

ಬೆಟ್ಟಯ್ಯ ಜಗುಲಿಯ ಮೇಲಿರಲಿಲ್ಲ. ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದ. ಇವಳನ್ನು ಕಂಡು ತಲೆಯೆತ್ತಿದ, ಕೈ ನಿಲ್ಲಿಸಲಿಲ್ಲ.

"ಯಾವಾಗ್ ಬಂದ್ಯವ್ವ?"

"ಹಾಲು ತಗೊಳ್ಳಲ್ಲ ಅಂದ್ರಂತಲ್ಲ ಮಾವ. ಮತ್ತೆ ಯಾಕ್ ಕರೀತಿದ್ದೀ?"

"ಅಸಕ್ಕೇನ್ ಗೊತ್ತವ್ವ ಅಳದಿ ಯಾವ್ದು ಕೆಂಪ್ ಯಾವ್ದು ಅಂತ. ಕೆಚ್ಲು ಬಿಗ್ದದ, ಕರೀಬೇಕು."

ಅದು ತನ್ನದೇ ಕೆಲಸ, ಹೇಗೆ ಆಯಿತೆಂದು ಅವಳು ಹೇಳತೊಡಗಿದಳು. ಅವನು ಪೂರ್ತಿ ಕೇಳಿಸಿಕೊಂಡ. "ನೀ ಬೇಕಂತ್ ಮಾಡ್ದ್ಯಾ? ಇಲ್ವಲ್ಲ, ಬುಡು" ಅಂದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಡೇರಿಗೆ ಬಾ ಮಾವ, ಕ್ಯಾನ್ ತಗೊಂಡ್ ಬಾ" ಎಂದು ಹೇಳಿ, ಅವನ ಉತ್ತರಕ್ಕೆ ಕಾಯದೆ ಮುಂದೆ ನಡೆದಳು.

ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು ಬೆಳೆದಿತ್ತು. ಒಳಗೆ ಹಾಲು ತೂಗುವ ಮೆಷಿನ್ನಿನ ಪಕ್ಕ ಶಾಂತಮಲ್ಲಪ್ಪ ಕೂತಿದ್ದ, ಕಿವಿಯ ಮೇಲೆ ಪೆನ್ನು. ಹಿಂದಿನ ಕರಿಹಲಗೆಯ ಮೇಲೆ ಬೆಟ್ಟಯ್ಯನ ಹೆಸರು ದಪ್ಪ ಹಳದಿಯ ಕೆಳಗೆ ಅರ್ಧ ಮುಚ್ಚಿಹೋಗಿತ್ತು. ಅದನ್ನು ಕಂಡದ್ದೇ ಶಿವರಂಜಿನಿ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕಲಸಿಹೋದವು.

"ಶಾಂತಣ್ಣ, ನಮ್ಮಾವನ್ ಹಾಲಲ್ಲಿ ನೀರು ಸಿಕ್ತಾ?"

"ನೀರಲ್ಲ ಕಣಮ್ಮಿ. ಪೇಪರ್ನೋರು..."

"ಪೇಪರ್ನೋಳು ನಾನೇ. ಗುರ್ತು ನಾವ್ ಹಾಕಿಲ್ಲ. ಯಾರ ಹೆಸರು ಹುಡುಕ್ತೀರೋ ಆ ಹೆಸರಿಗೆ ತಾನಾಗೇ ಬಣ್ಣ ಬರ್ತದೆ. ದೇವರಾಜಣ್ಣ ಮಾವನ್ ಹೆಸರು ಹುಡುಕಿದ, ಮಾವನ್ದು ಬಂತು, ಅಷ್ಟೇ. ನೋಡು, ನಿನ್ ಹೆಸರೇ ಹುಡುಕ್ತೀನಿ."

ಡೇರಿಗೆ ಹೊಸ ಕಟ್ಟಡ ಆದಾಗಿನ ಸುದ್ದಿ ಅವರ ತಾಣದಲ್ಲಿತ್ತು. ಅವಳು ಶಾಂತಮಲ್ಲಪ್ಪ ಎಂದು ಬರೆದು ಹುಡುಕಿ, ಆ ಪುಟವನ್ನು ತೆರೆದು, ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಸ್ವಾಗತ ಮಾಡಿದವರು ಶಾಂತಮಲ್ಲಪ್ಪ, ಹಳದಿ. ವಂದನೆ ಹೇಳಿದವರು ಶಾಂತಮಲ್ಲಪ್ಪ, ಹಳದಿ.

ಸಾಲಿನಲ್ಲಿದ್ದವರು ಮುಂದಕ್ಕೆ ಬಗ್ಗಿದರು. ಅರ್ಥವಾಯಿತು ಎಂದುಕೊಂಡಳು ಶಿವರಂಜಿನಿ. ಇಷ್ಟೇ ಸುಲಭವಿತ್ತು ಎಂದುಕೊಂಡಳು.

ಶಾಂತಮಲ್ಲಪ್ಪ ಕುರ್ಚಿಯಿಂದ ಎದ್ದ.

"ಯಾನಮ್ಮಿ ಮಾಡ್ಬುಟ್ಟೆ ನೀನು? ನಂದ್ಯಾಕ ಬಳ್ದೆ?"

"ಬಳೀಲಿಲ್ಲ ಶಾಂತಣ್ಣ, ಅದನ್ನೇ ಹೇಳ್ತಿರೋದು..."

"ನಮ್ಮ ಕಣ್ಮುಂದೆಯೇ ಬೆಳ್ಳಲ್ಲಿ ಒತ್ತುದ್ಲು, ಬಿತ್ತು ನೋಡ್ಲಾ" ಅಂದ ಸಾಲಿನಲ್ಲಿದ್ದವನೊಬ್ಬ. ದನಿಯಲ್ಲಿ ಬೆರಗಿತ್ತು.

"ಆಪೀಸ್ನೋಳಲ್ವಾ! ಕೂತ್ ಜಾಗ್ದಲ್ಲೇ ಯಾರ್ದ್ ಬೇಕಾರ ಬಳೀತಾಳ ಬುಡು" ಅಂದಳು ಇನ್ನೊಬ್ಬಳು, ತನ್ನ ಕ್ಯಾನನ್ನು ಸೀರೆಯ ಸೆರಗಿನಲ್ಲಿ ಮರೆಮಾಡಿಕೊಳ್ಳುತ್ತ.

ಗೋಡೆಗೆ ಒರಗಿ ನಿಂತಿದ್ದ ದೇವರಾಜು ತನ್ನ ಫೋನನ್ನು ಜೇಬಿಗೆ ಇಳಿಸಿದ. ಎರಡು ಹೆಜ್ಜೆ ಹಿಂದೆ ಸರಿದು, "ನಂದೇನೂ ಇಲ್ಲ ಕಣವ್ವ, ನಾ ಸುಮ್ಕ ಕಳ್ಸುದ್ದು, ಎಲ್ರೂ ಓದ್ಲಿ ಅಂತ" ಎಂದು ಗೊಣಗಿದ.

ಶಿವರಂಜಿನಿ ಮತ್ತೊಮ್ಮೆ ಬಾಯಿ ತೆರೆದಳು. ಹೇಳುವುದು ಇನ್ನೂ ಇತ್ತು. ನೀವೇ ಹುಡುಕಿ ನೋಡಿ, ನನ್ನ ಹೆಸರನ್ನೂ ಹುಡುಕಿ ಎನ್ನಬಹುದಿತ್ತು. ಅಷ್ಟರಲ್ಲಿ ಶಾಂತಮಲ್ಲಪ್ಪ ಮೇಜನ್ನು ಬಳಸಿಕೊಂಡು ಅವಳ ಹತ್ತಿರ ಬಂದ. ಬೆಳಿಗ್ಗೆ ರೂಲ್ಸು ಹೇಳಿದ ಬಾಯಿ ಈಗ ಪಿಸುಗುಟ್ಟುತ್ತಿತ್ತು.

"ಅಳುಸ್ಬುಡವ್ವ. ಮಗಳ್ಗ ಸಂಬಂಧ ನೋಡ್ತಾ ಇವ್ನಿ. ನಿನ್ ಕೈ ಮುಗೀತೀನಿ."

ಅವನು ನಿಜವಾಗಿಯೂ ಕೈ ಮುಗಿದ. ಅದನ್ನು ಕಂಡು ಶಿವರಂಜಿನಿಯ ಸಿಟ್ಟಿಗೆ ಒಂದು ರುಚಿ ಹತ್ತಿತು. ಪುಟ ಮುಚ್ಚಿದರೆ ಹಳದಿ ಹೋಗುತ್ತದೆ, ಅಷ್ಟೇ ಇರುವುದು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಅವಳು ಹೇಳಲಿಲ್ಲ. ಬೆಳಿಗ್ಗೆ ಮಾವನಿಗೆ ಇವನು ಒಂದು ಉಸಿರನ್ನಾದರೂ ಕೊಟ್ಟಿದ್ದನೇ? ಫೋನನ್ನು ಇನ್ನಷ್ಟು ಎತ್ತರಕ್ಕೆ ಹಿಡಿದಳು.

"ಮೊದ್ಲು ನಮ್ಮಾವನ್ದು ಅಳಿಸು. ಹಾಲು ತಗೊ. ಆಮೇಲೆ ನಿಂದು ನೋಡನ" ಅಂದಳು. ತನ್ನ ದನಿ ಅಷ್ಟು ತಣ್ಣಗೆ, ಅಷ್ಟು ಚೆನ್ನಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

ಶಾಂತಮಲ್ಲಪ್ಪ ಹಲಗೆಯ ಹತ್ತಿರ ಓಡಿದ. ಡಸ್ಟರು ಹುಡುಕುವ ಸಾವಧಾನವೂ ಇಲ್ಲದೆ ಅಂಗೈಯಲ್ಲೇ ಉಜ್ಜಿದ. ಹಳದಿ ಅವನ ಕೈಗೆ, ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡಿತು. ಬೆಟ್ಟಯ್ಯನ ಹೆಸರು ಮಸುಕು ಮಸುಕಾಗಿ ಹೊರಗೆ ಬಂತು.

"ಎಲ್ಲವ್ನಪ್ಪ ಬೆಟ್ಟಯ್ಯ? ಬಾ, ಬಾ. ಜಾಗ ಬುಡ್ರಲಾ ಅವ್ನಿಗ!"

ಬೆಟ್ಟಯ್ಯ ಸಾಲಿನ ತುದಿಯಲ್ಲಿದ್ದ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ಹಿಂದೆ ರಾಚಮ್ಮ ನಿಂತಿದ್ದಳು. ಜನ ಎರಡು ಕಡೆಗೂ ಸರಿದು ದಾರಿ ಮಾಡಿದರು. ಅವನು ನಿಧಾನವಾಗಿ ನಡೆದು ಬಂದು ಕ್ಯಾನನ್ನು ಮೇಜಿನ ಮೇಲಿಟ್ಟ.

"ಸುರಿ ಬೆಟ್ಟಯ್ಯ, ಸುರಿ" ಅಂದ ಶಾಂತಮಲ್ಲಪ್ಪ, ದೊಡ್ಡ ಪಾತ್ರೆಯನ್ನು ತಾನೇ ಮುಂದಕ್ಕೆ ತಳ್ಳುತ್ತ.

"ನೋಡು ಮೊದ್ಲು."

"ಯಾನ ನೋಡದು? ನಿನ್ನ ಆಲು ನಂಗ್ ಗೊತ್ತಿಲ್ವಾ!"

"ಬೆಳಿಗ್ಗ ಗೊತ್ತಿರ್ನಿಲ್ಲ" ಅಂದ ಬೆಟ್ಟಯ್ಯ. ದನಿ ಏರಲಿಲ್ಲ, ಆದರೆ ಮೇಜಿನ ಅಂಚು ಹಿಡಿದಿದ್ದ ಅವನ ಕೈಯ ನರಗಳು ಉಬ್ಬಿದ್ದವು. "ಬೆಳಿಗ್ಗ ಇದೇ ಆಲ ಮೂಸೂ ನೋಡ್ದೆ ಎಸ್ರಿಗ ಬಳ್ದೆ. ಈಗ ಇವ್ಳ್ ಎದ್ರುಸುದ್ಲು ಅಂತ ಮೂಸೂ ನೋಡ್ದೆ ತಗಂತೀಯಾ? ಎದ್ರಿ ತಗಳ್ಳೋ ಆಲು ನಂದಲ್ಲ ಕಣಪ್ಪ. ಕಡ್ಡಿ ಬುಟ್ಟು ನೋಡು. ಎಲ್ರ ಮುಂದ ನೋಡು."

ಶಾಂತಮಲ್ಲಪ್ಪ ಶಿವರಂಜಿನಿಯ ಕಡೆ ನೋಡಿದ, ಅಪ್ಪಣೆ ಕೇಳುವವನ ಹಾಗೆ. ಅದನ್ನು ಬೆಟ್ಟಯ್ಯನೂ ಕಂಡ. ತಿರುಗಿ ತಂಗಿಯ ಮಗಳನ್ನು ದಿಟ್ಟಿಸಿದ. ಹಸುವಿನ ಮುಂದೆ ಕೂತಿದ್ದಾಗ ಇಲ್ಲದ ಸಿಟ್ಟು ಈಗ ಆ ಕಣ್ಣಲ್ಲಿತ್ತು.

"ಪೋನ್ ಒಳಕ್ ಮಡಗು" ಅಂದ.

ಅವಳ ಕೈ ಇಳಿಯಿತು. ಹೆಬ್ಬೆರಳು ತಗುಲಿ ಪುಟ ಮುಚ್ಚಿಕೊಂಡು, ಶಾಂತಮಲ್ಲಪ್ಪನ ಹೆಸರಿನ ಹಳದಿ ಹೋಯಿತು. ಅದನ್ನು ನೋಡುವ ಕುತೂಹಲ ಈಗ ಯಾರಿಗೂ ಇರಲಿಲ್ಲ.

ಶಾಂತಮಲ್ಲಪ್ಪ ಉದ್ದನೆಯ ಲೋಟಕ್ಕೆ ಕ್ಯಾನಿನಿಂದ ಹಾಲು ಬಗ್ಗಿಸಿದ. ನೊರೆ ಇಳಿಯುವವರೆಗೂ ಕಾದು, ಹಾಲಿಗೆ ನೀರು ಬೆರೆತಿದೆಯೋ ಎಂದು ಅಳೆಯುವ ಗಾಜಿನ ಕಡ್ಡಿಯನ್ನು ಒರೆಸಿ ಒಳಗೆ ಬಿಟ್ಟ. ಸಾಲಿನಲ್ಲಿದ್ದವರೆಲ್ಲ ಮೇಜಿನ ಸುತ್ತ ಬಗ್ಗಿದರು, ದೇವರಾಜು ಕೂಡ. ಕಡ್ಡಿ ಒಮ್ಮೆ ಮುಳುಗಿ, ಎದ್ದು, ನೀರಿಲ್ಲದ ಹಾಲಿನ ಗೆರೆಯ ಹತ್ತಿರ ಅತ್ತಿತ್ತ ತೂಗಿತು. ಅದರ ಮೇಲೆ ಶಾಂತಮಲ್ಲಪ್ಪನ ಬೆರಳು ಬಿಟ್ಟ ಹಳದಿ ಗುರುತು ನೆಟ್ಟಗೆ ನಿಲ್ಲುವವರೆಗೂ ಬೆಟ್ಟಯ್ಯ ಮೇಜಿನಿಂದ ಕೈ ತೆಗೆಯಲಿಲ್ಲ.